ನೀವು ಕೇಳಿದಿರಿ: ರಕ್ತ ಕೊಡೋಕೆ ಹೋದವರನ್ನು ವಾಪಸ್ ಕಳಿಸೋದು ಯಾಕೆ?

ಜೂನ್ 14ರ ವಿಶ್ವ ರಕ್ತದಾನಿಗಳ ದಿನಕ್ಕೆ ನಮ್ಮ ಕಡೆ ಸಾಲುಸಾಲು ಕ್ಯಾಂಪ್ ನಡೆದವು. ಆಮೇಲೆ ಬಂದ ಪತ್ರಗಳಲ್ಲಿ ಬಹಳಷ್ಟು ಒಂದೇ ಬೇಸರದವು: ಕೊಡೋಕೆ ಹೋದರೆ ಬೇಡ ಅಂದರು. ರಕ್ತನಿಧಿಯಲ್ಲಿ ಕೆಲಸ ಮಾಡುವ ವೈದ್ಯೆಯಾದ ನಾನೂ ಹಾಗೆ ಬೇಡ ಅನ್ನುವವಳೇ. ಅದಕ್ಕೇ ಈ ಸಲದ ಅಂಕಣ ಪೂರ್ತಿ ಈ ವಿಷಯಕ್ಕೆ.

ನನಗೆ 20 ವರ್ಷ, ತೂಕ 47 ಕಿಲೋ. ಕಾಲೇಜಿನ ಕ್ಯಾಂಪಿನಲ್ಲಿ ಬೆರಳು ಚುಚ್ಚಿ ನೋಡಿ 'ನಿಮ್ಮದು ಆಗೋದಿಲ್ಲ' ಅಂದರು. ಗೆಳತಿಯರ ಮುಂದೆ ಅವಮಾನ ಆಯಿತು. ನನಗೇನಾದರೂ ರೋಗ ಇದೆಯಾ? — ವಿದ್ಯಾರ್ಥಿನಿ, ಹುಬ್ಬಳ್ಳಿ

ಅವಮಾನ ಅಂದುಕೊಳ್ಳಬೇಡಿ ತಂಗಿ. ವಯಸ್ಸು 18 ದಾಟಿದೆ, ತೂಕ 45 ಕಿಲೋಗಿಂತ ಜಾಸ್ತಿ ಇದೆ, ಅಲ್ಲಿಗೆ ಎರಡು ಬಾಗಿಲು ದಾಟಿದಿರಿ. ತಡೆದಿರೋದು ಹಿಮೋಗ್ಲೋಬಿನ್. ಗಂಡಸರಾಗಲಿ ಹೆಂಗಸರಾಗಲಿ, 12.5 ಗ್ರಾಂ ಇರಲೇಬೇಕು. ಈಗ ಬಹಳ ಕಡೆ ಸಣ್ಣ ಮಷಿನ್ ಬಂದಿದೆ, ಆದರೆ ಕೆಲವು ಕ್ಯಾಂಪುಗಳಲ್ಲಿ ಇನ್ನೂ ಹಳೇ ಪದ್ಧತಿಯೇ ಇದೆ. ಮೇಜಿನ ಮೇಲೆ ಗಾಜಿನ ಪಾತ್ರೆಯಲ್ಲಿ ನೀಲಿ ನೀರು ಇಟ್ಟಿರುತ್ತಾರಲ್ಲ, ಅದು ಮೈಲುತುತ್ತದ ನೀರು. ತೋಟಕ್ಕೆ ಹೊಡೆಯೋ ಅದೇ ಮೈಲುತುತ್ತ, ಆದರೆ ಇಷ್ಟೇ ಸಾಂದ್ರತೆ ಇರಬೇಕು ಅಂತ ಅಳತೆ ಮಾಡಿ ಕಲಸಿದ್ದು. ಬೆರಳಿನಿಂದ ತೆಗೆದ ಒಂದು ಹನಿ ರಕ್ತವನ್ನು ಅದರೊಳಗೆ ಬಿಡುತ್ತಾರೆ. ಹನಿ 15 ಸೆಕೆಂಡಿನೊಳಗೆ ಸರಸರ ತಳಕ್ಕೆ ಇಳಿದರೆ ಸೈ. ನಡುವೆಯೇ ತಡೆದು ನಿಂತರೆ ಅಥವಾ ಮೇಲಕ್ಕೆ ಬಂದರೆ ಹಿಮೋಗ್ಲೋಬಿನ್ ಕಡಿಮೆ ಅಂತ ಅರ್ಥ.

ಕಡಿಮೆ ಇದ್ದಾಗಲೂ 350 ಎಂಎಲ್ ತೆಗೆದರೆ ನೀವು ಕ್ಯಾಂಪಿನ ಮೆಟ್ಟಿಲಲ್ಲೇ ತಲೆಸುತ್ತಿ ಬೀಳಬಹುದು. ಅದಕ್ಕಿಂತ ಮುಖ್ಯ ಏನಂದರೆ, ನಿಮ್ಮಲ್ಲಿ ಮೊದಲೇ ಕೊರತೆ ಇರುವ ಕಬ್ಬಿಣಾಂಶ ಇನ್ನೂ ಇಳಿಯುತ್ತದೆ. ನಮ್ಮ ಹೆಣ್ಣುಮಕ್ಕಳಲ್ಲಿ ಇದು ತೀರಾ ಸಾಮಾನ್ಯ, ತಿಂಗಳ ಮುಟ್ಟಿನಲ್ಲಿ ಹೋಗೋದು ಊಟದಲ್ಲಿ ವಾಪಸ್ ಬರೋದಿಲ್ಲ. ಸಜ್ಜಿ ರೊಟ್ಟಿ, ಕಾಳಿನ ಪಲ್ಯ, ಸೊಪ್ಪು ತಿನ್ನಿ, ಮೇಲೆ ಲಿಂಬೆಹಣ್ಣು ಹಿಂಡಿಕೊಳ್ಳಿ, ಊಟದ ಬೆನ್ನಿಗೇ ಚಹಾ ಕುಡಿಯೋದು ಬಿಡಿ. ಚಹಾ ಕಬ್ಬಿಣವನ್ನು ಮೈಗೆ ಹತ್ತಗೊಡೋದಿಲ್ಲ. ಆದರೆ ಬರೀ ಊಟ ನಂಬಿ ಕೂರಬೇಡಿ. ಡಾಕ್ಟರಿಗೆ ತೋರಿಸಿ, ಮಾತ್ರೆ ಬೇಕಾಗಬಹುದು. ಹಿಮೋಗ್ಲೋಬಿನ್ ಏರಿದ ಮೇಲೆ ಖಂಡಿತ ಬನ್ನಿ.

ಜಾತ್ರೆಯಲ್ಲಿ ಗೆಳೆಯರೆಲ್ಲ ಸೇರಿ ಕೈಗೆ ಹಚ್ಚೆ ಹಾಕಿಸಿಕೊಂಡೆವು, ಮೂರು ತಿಂಗಳಾಯಿತು. ಕ್ಯಾಂಪಿನಲ್ಲಿ ಒಂದು ವರ್ಷ ಬೇಡ ಅಂದರು. 'ತುಂಬು ತೋಳಿನ ಅಂಗಿ ಹಾಕ್ಕೊಂಡು ಹೋಗು, ಏನೂ ಹೇಳಬೇಡ, ಹೆಂಗೂ ಟೆಸ್ಟ್ ಮಾಡ್ತಾರ' ಅಂತಾನೆ ಗೆಳೆಯ. ಟೆಸ್ಟ್ ಇರುವಾಗ ಈ ಪ್ರಶ್ನೆಗಳೆಲ್ಲ ಯಾಕೆ? — ಬೆಟಗೇರಿ, ಗದಗ

ನಿಮ್ಮ ಗೆಳೆಯನ ಮಾತು ಕೇಳಬೇಡಿ. ಟೆಸ್ಟ್ ಮಾಡೋದು ನಿಜ, ಪ್ರತಿ ಬ್ಯಾಗನ್ನೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಈ ಐದಕ್ಕೂ ಪರೀಕ್ಷೆ ಮಾಡಲೇಬೇಕು. ಆದರೆ ಸೋಂಕು ಮೈಯೊಳಗೆ ಹೊಕ್ಕ ಮೊದಲ ದಿನಗಳಲ್ಲಿ, ಕೆಲವು ಸಲ ವಾರಗಟ್ಟಲೆ, ಯಾವ ಟೆಸ್ಟಿಗೂ ಅದು ಸಿಗೋದಿಲ್ಲ. ರಿಪೋರ್ಟ್ ನೆಗೆಟಿವ್ ಅಂತಲೇ ಬರುತ್ತದೆ. ರಕ್ತದಲ್ಲಿ ವೈರಸ್ ಇರುತ್ತದೆ. ಇದನ್ನು ನಾವು ವಿಂಡೋ ಪೀರಿಯಡ್ ಅಂತೀವಿ. ಆ ಅವಧಿಯಲ್ಲಿ ರೋಗಿಯನ್ನು ಕಾಯೋದು ಒಂದೇ, ನೀವು ಫಾರ್ಮಿನಲ್ಲಿ ಬರೆದ ನಿಜ.

ಜಾತ್ರೆಯಲ್ಲಿ ಹಚ್ಚೆ ಹಾಕೋರ ಹತ್ತಿರ ಸೂಜಿ ಬದಲಾಯಿಸಿದರಾ ಅಂತ ಯಾರೂ ನೋಡಿರೋದಿಲ್ಲ. ಒಂದೇ ಸೂಜಿ, ಒಂದೇ ಬಣ್ಣದ ಬಟ್ಟಲು, ಸಾಲಿನಲ್ಲಿ ನಿಂತ ಹತ್ತು ಕೈ. ಹೆಪಟೈಟಿಸ್ ಬಿ ಹರಡೋಕೆ ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ಅದಕ್ಕೇ 12 ತಿಂಗಳು. ಕಿವಿ, ಮೂಗು ಚುಚ್ಚಿಸಿಕೊಂಡವರಿಗೂ ಅಷ್ಟೇ.

ನೀವು ಕೊಡೋ ಒಂದು ಬ್ಯಾಗನ್ನು ಕೆಂಪು ಕಣ, ಪ್ಲೇಟ್ಲೆಟ್, ಪ್ಲಾಸ್ಮಾ ಅಂತ ಬೇರೆ ಮಾಡಿದರೆ ಮೂರು ಜನಕ್ಕೆ ಹೋಗುತ್ತದೆ. ಹೆರಿಗೆಯಲ್ಲಿ ರಕ್ತ ಹೋದ ತಾಯಿ ಇರಬಹುದು, ಡೆಂಗ್ಯೂ ಆಗಿ ಪ್ಲೇಟ್ಲೆಟ್ ಇಳಿದವರು ಇರಬಹುದು, ಎರಡು-ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಂಡೇ ಬದುಕೋ ತಲಸ್ಸೇಮಿಯಾದ ಮಗು ಇರಬಹುದು. ಆ ಮಗುವಿಗೆ ವರ್ಷಕ್ಕೆ ಎಷ್ಟು ಜನರ ರಕ್ತ ಹೋಗುತ್ತದೆ ಲೆಕ್ಕ ಹಾಕಿ. ಅವರಲ್ಲಿ ಒಬ್ಬರು ಸುಳ್ಳು ಹೇಳಿದರೂ ಸಾಕು, ಅಲ್ವಾ?

ಇನ್ನೊಂದು ಮಾತು. ಸುಮ್ನೆ ಎಚ್‌ಐವಿ ಟೆಸ್ಟ್ ಆಗಲಿ ಅಂತ ರಕ್ತ ಕೊಡೋರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಜಿಲ್ಲಾ ಆಸ್ಪತ್ರೆಗಳ ಐಸಿಟಿಸಿ ಅಂದರೆ ಎಚ್‌ಐವಿ ಸಲಹೆ-ಪರೀಕ್ಷಾ ಕೇಂದ್ರದಲ್ಲಿ ಪುಕ್ಕಟೆ ಮಾಡುತ್ತಾರೆ, ಯಾರಿಗೂ ಹೇಳೋದಿಲ್ಲ. ಅಕ್ಕಪಕ್ಕ ಗೆಳೆಯರಿದ್ದಾರೆ ಅಂತ ನಾಚಿಕೊಂಡು ರಕ್ತ ಕೊಟ್ಟುಬಿಟ್ಟಿದ್ದರೂ ತಡ ಆಗಿಲ್ಲ. ಅವತ್ತೇ ರಕ್ತನಿಧಿಗೆ ಫೋನ್ ಮಾಡಿ 'ನನ್ನ ಬ್ಯಾಗ್ ಬಳಸಬೇಡಿ' ಅನ್ನಿ. ನಾವು ಬೈಯೋದಿಲ್ಲ, ತೆಗೆದಿಡುತ್ತೇವೆ.

ತಾಯಿಯ ಆಪರೇಷನ್‌ಗೆ ದಾನಿಗಳನ್ನು ಕರೆತನ್ನಿ ಅಂದಿದ್ದಾರೆ. ನನ್ನ ಅಣ್ಣ ಬಿಪಿ ಮಾತ್ರೆ ತಗೋತಾರೆ, ಮಾವನಿಗೆ ಸಕ್ಕರೆ ಕಾಯಿಲೆ, ಮಗನಿಗೆ ಹದಿನೇಳೂವರೆ. ಹೊರಗಿನವರದ್ದಕ್ಕಿಂತ ಮನೆಯವರ ರಕ್ತವೇ ಒಳ್ಳೇದಲ್ವಾ? — ರಾಣೆಬೆನ್ನೂರು

ಅಣ್ಣನವರ ಬಿಪಿ 140/90ರೊಳಗೆ ಇದ್ದು, ನಾಲ್ಕು ವಾರದಿಂದ ಮಾತ್ರೆ ಬದಲಾಗಿಲ್ಲ ಅಂದರೆ ಕೊಡಬಹುದು. ಮಾವನವರು ಬರೀ ಮಾತ್ರೆಯಲ್ಲಿದ್ದು ಸಕ್ಕರೆ ಹಿಡಿತದಲ್ಲಿದ್ದರೆ ಅವರೂ ಬರಲಿ, ಇನ್ಸುಲಿನ್ ಮೇಲಿದ್ದರೆ ಬೇಡ. ಮಗ 18 ತುಂಬುವವರೆಗೆ ಕಾಯಲಿ. ಅವನು ಎಷ್ಟು ಗಟ್ಟಿಮುಟ್ಟಾಗಿದ್ದರೂ ಅಷ್ಟೇ.

ಮನೆಯವರ ರಕ್ತ ಒಳ್ಳೇದು ಅನ್ನೋದು ನಮ್ಮ ಕಡೆ ಬಲವಾದ ನಂಬಿಕೆ. ನಿಜ ಬೇರೆಯೇ ಇದೆ. ಒಡಹುಟ್ಟಿದವರ, ಮಕ್ಕಳ ರಕ್ತದಲ್ಲಿರುವ ಬಿಳಿ ಕಣಗಳನ್ನು ರೋಗಿಯ ದೇಹ ಹೊರಗಿನವು ಅಂತ ಗುರುತಿಸದೇ ಹೋಗಬಹುದು. ಆಗ ಅವು ಒಳಗೇ ಬೆಳೆದು ರೋಗಿಯ ಮೇಲೇ ತಿರುಗಿಬೀಳುತ್ತವೆ. ಇದು ಅಪರೂಪ, ಆದರೆ ಒಮ್ಮೆ ಆಯಿತೆಂದರೆ ರೋಗಿ ಉಳಿಯೋದು ಕಷ್ಟ. ಹಾಗಾಗಿ ರಕ್ತಸಂಬಂಧಿಗಳದ್ದೇ ಕೊಡಬೇಕಾಗಿ ಬಂದರೆ ಆ ಬ್ಯಾಗಿಗೆ ಮೊದಲು ವಿಕಿರಣ ಹಾಯಿಸಬೇಕು. ಹಾಗೇ ಮಕ್ಕಳಾಗುವ ವಯಸ್ಸಿನ ಹೆಂಡತಿಗೆ ಗಂಡನ ರಕ್ತ ಹಾಕದಿರೋದೇ ಒಳ್ಳೇದು, ಮುಂದಿನ ಬಸಿರಿನಲ್ಲಿ ಕೂಸಿಗೆ ತೊಂದರೆ ಆಗಬಹುದು. ಅದಕ್ಕೇ ನಿಮ್ಮವರು ಕೊಟ್ಟದ್ದು ರಕ್ತನಿಧಿಗೆ ಹೋಗುತ್ತದೆ, ತಾಯಿಗೆ ಹೊಂದುವ ಬೇರೆ ಬ್ಯಾಗ್ ಬರುತ್ತದೆ. ಮೋಸ ಅಂದುಕೊಳ್ಳಬೇಡಿ.

ನನಗೆ ನಿಜಕ್ಕೂ ಚಿಂತೆ ಆಗೋದು ಇನ್ನೊಂದಕ್ಕೆ. ತಾಯಿ ಒಳಗೆ ಮಲಗಿರುವಾಗ, ಹತ್ತು ಜನ ನೆಂಟರು ಸುತ್ತ ನಿಂತಿರುವಾಗ, 'ನನಗೆ ಕಾಮಾಲೆ ಆಗಿತ್ತು' ಅಂತ ಒಬ್ಬ ತಮ್ಮ ಬಾಯಿಬಿಡೋದು ಸುಲಭ ಅಲ್ಲ. ಅದಕ್ಕೇ ನಾವು ಒಬ್ಬೊಬ್ಬರನ್ನೇ ಒಳಗೆ ಕರೆದು ಕೇಳುತ್ತೇವೆ. ಆಗ ಜೊತೆಗೆ ನುಗ್ಗಬೇಡಿ. ಒಳಗಿಂದ ಬೇಡ ಅನ್ನಿಸಿಕೊಂಡು ಬಂದವರನ್ನು ಯಾಕೆ ಏನು ಅಂತ ಕೆದಕಲೂಬೇಡಿ.

ಗೇಟಿನ ಹತ್ತಿರ ದುಡ್ಡಿಗೆ ರಕ್ತ ಕೊಡ್ತೀನಿ ಅಂತ ಯಾರಾದರೂ ಬಂದರೆ ಒಪ್ಪಬೇಡಿ. ಸುಪ್ರೀಂ ಕೋರ್ಟಿನ 1996ರ ತೀರ್ಪಿನಂತೆ 1998ರ ಜನವರಿ 1ರಿಂದ ರಕ್ತ ಮಾರೋದು ದೇಶದಲ್ಲೆಲ್ಲ ನಿಷೇಧ. ದುಡ್ಡು ಬೇಕಾದವನು ಯಾವ ಪ್ರಶ್ನೆಗೂ ನಿಜ ಹೇಳೋದಿಲ್ಲ.

ಶ್ರಾವಣ ಸೋಮವಾರ ಉಪವಾಸ ಇದ್ದು ರಕ್ತ ಕೊಟ್ಟರೆ ಪುಣ್ಯ ಜಾಸ್ತಿ ಅಂತ ನಮ್ಮ ಸಂಘದವರು ಕ್ಯಾಂಪ್ ಇಟ್ಟಿದ್ದಾರೆ. ಸರಿಯಾ? — ನವಲಗುಂದ

ಕ್ಯಾಂಪನ್ನು ಮಂಗಳವಾರಕ್ಕೆ ಹಾಕಿ. ಬರುವವರು ನಾಲ್ಕು ತಾಸಿನೊಳಗೆ ಊಟ ಮಾಡಿರಬೇಕು. ರಾತ್ರಿಪಾಳಿ ಮುಗಿಸಿ ನಿದ್ದೆಯಿಲ್ಲದೆ ನೇರ ಬಂದವರನ್ನೂ, ಕುಡಿದ ವಾಸನೆ ಇರುವವರನ್ನೂ ಕೂರಿಸಬೇಡಿ.

ನಾಯಿ ಕಚ್ಚಿ ಇಂಜೆಕ್ಷನ್ ತಗೊಂಡಿದ್ದೆ. ಅದಕ್ಕೂ ಮೊದಲು ಟೈಫಾಯ್ಡ್ ಆಗಿತ್ತು. ಯಾವಾಗ ಕೊಡಬಹುದು? — ಹಾವೇರಿ

ಎರಡಕ್ಕೂ ಒಂದು ವರ್ಷ. ಮಲೇರಿಯಾ ಆಗಿದ್ದರೆ ಗುಣವಾದ ಮೇಲೆ ಮೂರು ತಿಂಗಳು. ಹೆಪಟೈಟಿಸ್ ಬಿ ಅಥವಾ ಸಿ ಇದ್ದವರು ಯಾವತ್ತೂ ಕೊಡುವಂತಿಲ್ಲ.

ಕೂಸಿಗೆ ಎಂಟು ತಿಂಗಳು, ಹಾಲು ಕುಡಿಸುತ್ತಿದ್ದೇನೆ. — ಲಕ್ಷ್ಮೇಶ್ವರ

ಈಗ ಬೇಡ ತಾಯಿ. ಹೆರಿಗೆಯಾಗಿ ವರ್ಷ ತುಂಬಲಿ, ಹಾಲು ಬಿಡಿಸಿರಲಿ. ಆಮೇಲೆ ಹಿಮೋಗ್ಲೋಬಿನ್ ನೋಡಿಸಿಕೊಂಡು ಬನ್ನಿ. ಹೆಂಗಸರು ಒಮ್ಮೆ ಕೊಟ್ಟ ಮೇಲೆ 120 ದಿನ ಬಿಡಬೇಕು, ಗಂಡಸರು 90 ದಿನ.

ನಾನು ನಿವೃತ್ತ ಮಾಸ್ತರ, 61 ವರ್ಷ. ಒಮ್ಮೆಯೂ ರಕ್ತ ಕೊಟ್ಟಿಲ್ಲ, ಈಗ ಶುರು ಮಾಡಬಹುದಾ? — ಧಾರವಾಡ

ಮೊದಲೇ ಕೊಡುತ್ತಾ ಬಂದವರಿಗೆ 65ರವರೆಗೆ ಅವಕಾಶ ಇದೆ, ಆದರೆ 60 ದಾಟಿದ ಮೇಲೆ ಹೊಸದಾಗಿ ಶುರು ಮಾಡುವಂತಿಲ್ಲ ಸರ್. ನಿಮ್ಮಿಂದ ಬೇರೆ ಕೆಲಸ ಆಗಬೇಕಿದೆ. ನಿಮ್ಮ ಹಳೇ ವಿದ್ಯಾರ್ಥಿಗಳನ್ನು ಕರೆತನ್ನಿ. ಬರುವ ಮೊದಲು ಊಟ ಮಾಡಿಸಿ, ಫಾರ್ಮಿನಲ್ಲಿ ಇದ್ದದ್ದು ಇದ್ದ ಹಾಗೆ ಬರೀರಿ ಅಂತ ಹೇಳಿ ಕಳಿಸಿ. ಮಾಸ್ತರ ಮಾತನ್ನು ಅವರು ನಮಗಿಂತ ಜಾಸ್ತಿ ಕೇಳುತ್ತಾರೆ.