68 ಆಯಿಲ್ ಹಾಕಿದರೆ ಸಾಕಾ?

ಪ್ರಶ್ನೆ: ನಮ್ಮದು ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್, ಆಯಿಲ್ ಬ್ರೇಕ್ ಇದೆ. ಏಣೆಲಿಗೆ (ಮಳೆಗಾಲದ ಮೊದಲ ಭತ್ತದ ಬೆಳೆಗೆ) ಗದ್ದೆ ಉತ್ತ ಮೇಲೆ ಹೈಡ್ರಾಲಿಕ್ ನಿಧಾನವಾಗಿದೆ. ರೋಟವೇಟರ್ ಎತ್ತಿ ನಿಲ್ಲಿಸಿದರೆ ತಾನಾಗಿ ಇಳಿಯುತ್ತದೆ. ಅಂಗಡಿಯವರು ಹೈಡ್ರಾಲಿಕ್ 68 ಹಾಕಿ, ರೇಟೂ ಕಡಿಮೆ ಅಂತಾರೆ. ಹಾಕಬಹುದಾ?
– ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ದಯವಿಟ್ಟು ಹಾಕಬೇಡಿ. ಆಯಿಲ್ ಬ್ರೇಕ್ (ಪ್ಲೇಟ್ ಆಯಿಲಿನಲ್ಲೇ ಮುಳುಗಿರುವ ಬ್ರೇಕ್) ಇರುವ ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಗೇರ್, ಹೈಡ್ರಾಲಿಕ್, ಬ್ರೇಕ್ ಎಲ್ಲದಕ್ಕೂ ಹಿಂದಿನ ಹೌಸಿಂಗ್‌ನಲ್ಲಿರುವುದು ಒಂದೇ ಆಯಿಲ್. 68 ಅನ್ನುವುದು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಯಿಲ್ ಎಷ್ಟು ಮಂದ ಅನ್ನುವ ಲೆಕ್ಕ, ಅಷ್ಟೇ. ಬ್ರೇಕ್ ಪ್ಲೇಟ್ ಹದವಾಗಿ ಹಿಡಿಯಲು ಬೇಕಾದ ರಾಸಾಯನಿಕ ಸಾದಾ 68ರಲ್ಲಿ ಇರುವುದಿಲ್ಲ. ಪ್ಲೇಟ್ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಗರಗರ ಸದ್ದು ಮಾಡುತ್ತದೆ, ಬೇಗ ಸವೆಯುತ್ತದೆ. ಅದನ್ನು ಬದಲಿಸಲು ಆಕ್ಸಲ್ ಕಡೆಯನ್ನೇ ಬಿಚ್ಚಬೇಕು. ಕ್ಯಾನಿನಲ್ಲಿ ಉಳಿಸಿದ ದುಡ್ಡು ಅಲ್ಲಿ ಹೋಗುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ನಿಮಗೆ ಬೇಕಾದ್ದು ಯುಟಿಟಿಒ ಆಯಿಲ್, ಅಂದರೆ ಆಯಿಲ್ ಬ್ರೇಕಿಗೂ ಸೇರಿಸಿ ಮಾಡಿದ್ದು. ಟ್ರ್ಯಾಕ್ಟರ್ ಕಂಪೆನಿ ಹೇಳಿದ ಸ್ಪೆಸಿಫಿಕೇಷನ್ ಕ್ಯಾನಿನ ಹಿಂದೆ ಇದೆಯಾ ನೋಡಿ. ಪುಸ್ತಕ ಕೈಗೆ ಸಿಗದಿದ್ದರೆ ಡೀಲರ್ ಹತ್ತಿರ ಮಾಡೆಲ್, ಚಾಸಿಸ್ ನಂಬರ್ ಹೇಳಿ ಕೇಳಿ. ಬಣ್ಣ ನೋಡಿ ತರಬೇಡಿ.

ಆದರೆ ಕ್ಯಾನ್ ಕೊಳ್ಳುವ ಮೊದಲು ಈಗಿರುವ ಆಯಿಲ್ ನೋಡಬೇಕು. ನಮ್ಮ ಉಡುಪಿ ಕಡೆ ಆಯಿಲಿಗೆ ದೊಡ್ಡ ಶತ್ರು ನೀರು. ಕೇಜ್ ವೀಲ್ (ಪಂಜರದಂಥ ಕಬ್ಬಿಣದ ಚಕ್ರ) ಹಾಕಿ ಕೆಸರಲ್ಲಿ ಉಳುವಾಗ ಆಕ್ಸಲ್ ಮುಳುಗುತ್ತದೆ. ಹುಲ್ಲು, ನಾರು ಸುತ್ತಿಕೊಂಡು ಸೀಲ್ ಕೊಯ್ದರೆ ನೀರು ಒಳಗೆ. ಡಿಪ್‌ಸ್ಟಿಕ್ ಎಳೆದು ಬೆಳಕಿಗೆ ಹಿಡಿಯಿರಿ. ಆಯಿಲ್ ಹಾಲು ಹಾಕಿದ ಚಾದ ಹಾಗಿದ್ದರೆ ನೀರು ಸೇರಿದೆ ಅಂತಲೇ ಲೆಕ್ಕ. ಅನುಮಾನ ಇದ್ದರೆ ಬಿಸಿ ಕಾವಲಿಗೆ ಒಂದೇ ಹನಿ ಬಿಟ್ಟು ದೂರ ನಿಲ್ಲಿ. ಚಟಚಟ ಸಿಡಿದರೆ ನೀರು ಇದೆ. ಅಡುಗೆಯ ಕಾವಲಿ ಬೇಡ, ಹಳೇ ತಗಡು ಸಾಕು. ನೀರು ಸೇರಿದ್ದಕ್ಕೆ ಮೇಲಿಂದ ಹೊಸ ಆಯಿಲ್ ಹೊಯ್ದು ಪ್ರಯೋಜನ ಇಲ್ಲ. ಪೂರ್ತಿ ಇಳಿಸಿ, ಸೀಲ್ ಸರಿಮಾಡಿ, ಫಿಲ್ಟರ್ ಬದಲಿಸಿ, ಒಳಗಿನ ಜಾಲರಿ ತೊಳೆದು ಆಮೇಲೆ ತುಂಬಿ. ಸೀಲ್ ಸರಿಮಾಡದೆ ಬಿಟ್ಟರೆ ಸುಗ್ಗಿ ಬೆಳೆಗೆ, ಅಂದರೆ ಎರಡನೇ ಬೆಳೆಗೆ, ಮತ್ತೆ ಇದೇ ಪಾಡು.

ಇನ್ನೊಂದು ಮಾತು. ನಿಧಾನ ಏಳುವುದಕ್ಕೆ ಆಯಿಲ್ ಕಡಿಮೆ ಇರುವುದು, ಫಿಲ್ಟರ್ ಕಟ್ಟಿರುವುದು ಕಾರಣ ಇರಬಹುದು. ತಾನಾಗಿ ಇಳಿಯುವುದು ಬೇರೆ ವಿಷಯ. ಅದು ಹೆಚ್ಚಾಗಿ ಲಿಫ್ಟ್ ಸಿಲಿಂಡರಿನ ರಿಂಗ್ ಅಥವಾ ಕಂಟ್ರೋಲ್ ವಾಲ್ವ್‌ನ ಸೋರಿಕೆ. ಎಷ್ಟು ಒಳ್ಳೇ ಆಯಿಲ್ ಹಾಕಿದರೂ ಅದು ನಿಲ್ಲುವುದಿಲ್ಲ, ಮೆಕ್ಯಾನಿಕ್ ಹತ್ತಿರ ಬಿಚ್ಚಿಸಿ ನೋಡಿ.

ಬಾಡಿಗೆಗೆ ಟಿಪ್ಪಿಂಗ್ ಟ್ರೇಲರ್ ಕಟ್ಟುತ್ತೀರಾದರೆ ಅದನ್ನೂ ವಿಚಾರಿಸಿ. ಅದರ ಜಾಕ್‌ನಲ್ಲಿ ಉಳಿದ ಆಯಿಲ್ ನೇರ ನಿಮ್ಮ ಹೌಸಿಂಗಿಗೆ ಬರುತ್ತದೆ. ಹಿಂದಿನವರು ಯಾವ ಆಯಿಲ್ ಹಾಕಿದ್ದರು ಅಂತ ಕೇಳಿ, ಪೈಪಿನ ತುದಿ ಒರೆಸಿಯೇ ಸಿಕ್ಕಿಸಿ.