ಪಾರ್ಟಿಗೆ ಯಾವ ಡಿಪ್ ಒಯ್ಯಲಿ?

ಪ್ರಶ್ನೆ: ನಾವು ಡಲ್ಲಾಸ್‌ಗೆ ಬಂದು ಒಂದು ವರ್ಷವಾಯಿತು. ಪಕ್ಕದ ಮನೆಯವರು ಸೂಪರ್ ಬೌಲ್, ಅಂದರೆ ಅಮೆರಿಕನ್ ಫುಟ್‌ಬಾಲ್ ಫೈನಲ್ ಮ್ಯಾಚ್ ನೋಡಲು ಕರೆದಿದ್ದಾರೆ. ಹದಿನೈದು ಜನ ಸೇರುತ್ತಾರೆ. ನನಗೆ ಚಿಪ್ಸ್ ಅದ್ದಿ ತಿನ್ನುವ ಒಂದು ಡಿಪ್ ತರಲು ಹೇಳಿದ್ದಾರೆ. ನಾವು ಸಸ್ಯಾಹಾರಿಗಳು. ಏನು ಮಾಡಿಕೊಂಡು ಹೋಗಲಿ?

ಉತ್ತರ: ಈರುಳ್ಳಿ ಡಿಪ್ ಮಾಡಿ. ಆಲೂ ಚಿಪ್ಸ್ ಜೊತೆ ಇಟ್ಟರೆ ಬಟ್ಟಲು ಖಾಲಿಯಾಗಿಯೇ ಮನೆಗೆ ಬರುತ್ತದೆ.

ಇದರ ಹುಟ್ಟು ನನಗೆ ತುಂಬ ಇಷ್ಟ. 1952ರಲ್ಲಿ ಲಿಪ್ಟನ್ ಕಂಪನಿ ಒಣ ಈರುಳ್ಳಿ ಸೂಪ್ ಪುಡಿಯನ್ನು ಮಾರಾಟಕ್ಕೆ ತಂದಿತು. ಎರಡು ವರ್ಷದ ನಂತರ ಲಾಸ್ ಏಂಜಲೀಸ್‌ನಲ್ಲಿ ಯಾರೋ ಅದರಿಂದ ಸೂಪ್ ಮಾಡುವ ಬದಲು ಸೋರ್ ಕ್ರೀಮಿಗೆ (ಹುಳಿ ಬರಿಸಿದ ಗಟ್ಟಿ ಕೆನೆ) ಕಲಸಿಬಿಟ್ಟರು. ರುಚಿ ಬಾಯಿಂದ ಬಾಯಿಗೆ ಹರಡಿತು. ಕಲಸಿದವರ ಹೆಸರು ಉಳಿಯಲಿಲ್ಲ, ಜನ ಅದನ್ನು ಕ್ಯಾಲಿಫೋರ್ನಿಯಾ ಡಿಪ್ ಅಂದರು. ಆಮೇಲೆ ಕಂಪನಿಯೇ ಆ ವಿಧಾನವನ್ನು ಪ್ಯಾಕೆಟ್ ಮೇಲೆ ಅಚ್ಚು ಹಾಕಿಸಿತು.

ನೀವು ಪುಡಿ ಬಿಟ್ಟು ನಿಜವಾದ ಈರುಳ್ಳಿಯಲ್ಲೇ ಮಾಡಿ. ದೊಡ್ಡ ಈರುಳ್ಳಿ 3, ತೆಳ್ಳಗೆ ಹೆಚ್ಚಿ. ಎರಡು ಚಮಚ ಬೆಣ್ಣೆ, ಚಿಟಿಕೆ ಉಪ್ಪು ಹಾಕಿ ಸಣ್ಣ ಉರಿಯಲ್ಲಿ 40–45 ನಿಮಿಷ ಬಾಡಿಸಿ. ಪಲ್ಯದ ಒಗ್ಗರಣೆಗೆ ಹುರಿದ ಹಾಗೆ ಐದು ನಿಮಿಷಕ್ಕೆ ಇಳಿಸಬೇಡಿ. ನೀರೆಲ್ಲ ಆರಿ, ಈರುಳ್ಳಿ ಜೋನಿಬೆಲ್ಲದ ಬಣ್ಣಕ್ಕೆ ಬಂದಾಗ ಅದರ ಸಿಹಿ ಹೊರಗೆ ಬರುತ್ತದೆ. ತಳ ಹಿಡಿಯುವ ಹಾಗಿದ್ದರೆ ಒಂದು ಚಮಚ ನೀರು ಚಿಮುಕಿಸಿ. ಪೂರ್ತಿ ತಣ್ಣಗಾದ ಮೇಲೆ 450 ಗ್ರಾಂ ಸೋರ್ ಕ್ರೀಮ್, ಮೆಣಸಿನ ಪುಡಿಯಲ್ಲ, ಕಾಳುಮೆಣಸಿನ ಪುಡಿ ಸೇರಿಸಿ. ಬಿಸಿ ಇರುವಾಗಲೇ ಕಲಸಿದರೆ ನೀರಾಗುತ್ತದೆ. ರಾತ್ರಿಯಿಡೀ ಫ್ರಿಜ್‌ನಲ್ಲಿಡಿ, ಮರುದಿನ ರುಚಿಯೇ ಬೇರೆ. ಉಪ್ಪನ್ನು ಚಿಪ್ಸ್ ಜೊತೆ ತಿಂದು ನೋಡಿ ಹಾಕಿ, ಚಿಪ್ಸ್‌ನಲ್ಲೇ ಬೇಕಾದಷ್ಟು ಉಪ್ಪಿರುತ್ತದೆ ಅಲ್ವಾ. ಸೋರ್ ಕ್ರೀಮ್ ಬೇಡವೆಂದರೆ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರೂ ಆಗುತ್ತದೆ. ಸ್ವಲ್ಪ ಹುಳಿ ಜಾಸ್ತಿ, ಅಷ್ಟೇ.

ಸಸ್ಯಾಹಾರಿಗಳು ಅಂದಿರಿ, ಹಾಗಾಗಿ ಇದನ್ನು ಹೇಳಲೇಬೇಕು. ಕೆಲವು ಸೋರ್ ಕ್ರೀಮ್ ಡಬ್ಬಿಗಳಲ್ಲಿ ಜೆಲಾಟಿನ್ ಇರುತ್ತದೆ, ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ್ದು. ಕೆಲವರು ಡಿಪ್‌ಗೆ ಹಾಕುವ ವೂಸ್ಟರ್‌ಶೈರ್ ಸಾಸ್‌ನಲ್ಲಿ ಸಾಮಾನ್ಯವಾಗಿ ಆಂಚೊವಿ ಮೀನು ಇರುತ್ತದೆ. ಅಲ್ಲಿ ಬೇರೆಯವರು ತಂದ ಏಳು ಪದರದ ಡಿಪ್ ಕೂಡ ನೋಡಲು ತರಕಾರಿಯದೇ. ಆದರೆ ಅಡಿಯ ಪದರದಲ್ಲಿರುವ, ಬೇಯಿಸಿ ಮಸೆದ ಹುರುಳಿಕಾಯಿ ಬೀಜಕ್ಕೆ ಹಂದಿ ಕೊಬ್ಬು ಹಾಕಿರಬಹುದು. ಡಬ್ಬಿಯ ಹಿಂದೆ ಓದಿ, ತಂದವರನ್ನು ಕೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಹಾಲಿನ ಡಿಪ್ ಎರಡು ಗಂಟೆಗಿಂತ ಜಾಸ್ತಿ ಹೊರಗೆ ಇರಬಾರದು. ಮ್ಯಾಚ್ ಅದಕ್ಕಿಂತ ಉದ್ದ. ಎರಡು ಸಣ್ಣ ಬಟ್ಟಲಿಗೆ ಹಾಕಿಕೊಂಡು ಹೋಗಿ, ಒಂದು ಅವರ ಫ್ರಿಜ್‌ನಲ್ಲಿರಲಿ.

ಪ್ರಶ್ನೆ: ನಾಚೋಸ್ ಮೆಕ್ಸಿಕೋದ ತಿಂಡಿಯೋ, ಅಮೆರಿಕದ್ದೋ? ಮನೆಯಲ್ಲಿ ಇದೇ ಜಗಳ.

ಉತ್ತರ: ಹುಟ್ಟಿದ್ದು ಮೆಕ್ಸಿಕೋದಲ್ಲಿ, ಹುಟ್ಟಿದ್ದು ಅಮೆರಿಕನ್ನರಿಗಾಗಿ. ಟೆಕ್ಸಾಸ್‌ನ ಈಗಲ್ ಪಾಸ್ ಎದುರಿಗೆ, ನದಿಯಾಚೆ, ಪಿಯೆದ್ರಾಸ್ ನೆಗ್ರಾಸ್ ಎಂಬ ಊರಿದೆ. 1940ರ ದಶಕದ ಆರಂಭದಲ್ಲಿ ಅಲ್ಲಿನ ವಿಕ್ಟರಿ ಕ್ಲಬ್‌ಗೆ ಗಡಿಯಾಚೆಯಿಂದ ಕೆಲವು ಹೆಂಗಸರು ಬಂದರು. ಅಡುಗೆಯವನು ಇರಲಿಲ್ಲ. ಇಗ್ನಾಸಿಯೋ ಅನಾಯಾ ಎಂಬವರು ಕೈಗೆ ಸಿಕ್ಕಿದ್ದರಲ್ಲೇ ಹೊಂದಿಸಿದರು: ಕರಿದ ಟೋರ್ಟಿಯಾ (ಜೋಳದ ತೆಳು ರೊಟ್ಟಿ) ತುಂಡು, ಮೇಲೆ ಚೀಸ್, ಹಲಪೇನ್ಯೋ ಮೆಣಸಿನಕಾಯಿ, ಒಲೆಯಲ್ಲಿ ಒಂದು ಬಿಸಿ. ಇಗ್ನಾಸಿಯೋ ಹೆಸರಿನವರನ್ನು ಮನೆಯಲ್ಲಿ ನಾಚೋ ಎಂದು ಕರೆಯುತ್ತಾರೆ. ತಿಂಡಿಗೆ ಅದೇ ಹೆಸರಾಯಿತು.

ಇವತ್ತು ಸಿನಿಮಾ ಮಂದಿರದಲ್ಲಿ ಸಿಗುವ, ಹಳದಿ ಸಾಸ್ ಸುರಿದ ನಾಚೋಸ್ ಮಾತ್ರ ಅಮೆರಿಕದ್ದು. 1976ರಲ್ಲಿ ಫ್ರಾಂಕ್ ಲಿಬರ್ಟೋ ಎಂಬ ವ್ಯಾಪಾರಿ ಟೆಕ್ಸಾಸ್‌ನ ಆರ್ಲಿಂಗ್ಟನ್ ಬೇಸ್‌ಬಾಲ್ ಮೈದಾನದಲ್ಲಿ ಅದನ್ನು ಮಾರಲು ಶುರು ಮಾಡಿದರು. ಸಾಲಿನಲ್ಲಿ ನಿಂತವರಿಗೆ ಚೀಸ್ ಕರಗಿಸಿ ಕೊಡುವಷ್ಟು ಹೊತ್ತು ಎಲ್ಲಿರುತ್ತದೆ? ಹಾಗಾಗಿ ಯಾವಾಗಲೂ ಸುರಿಯಲು ಬರುವ ಸಾಸ್. ನನ್ನನ್ನು ಕೇಳಿದರೆ ಅನಾಯಾ ಅವರ ವಿಧಾನವೇ ರುಚಿ. ಒಂದೊಂದು ತುಂಡಿಗೂ ಅದರ ಪಾಲಿನ ಚೀಸ್ ಸಿಗುತ್ತದೆ.

ಪ್ರಶ್ನೆ: ಬೆಣ್ಣೆಹಣ್ಣಿನ ಗ್ವಾಕಮೋಲೆ ಅರ್ಧ ಗಂಟೆಗೆ ಕಪ್ಪಾಗುತ್ತದೆ. ಬೀಜ ಒಳಗಿಟ್ಟರೂ ಆಗಲಿಲ್ಲ.

ಉತ್ತರ: ಗಾಳಿ ತಾಗಿದಲ್ಲಿ ಕಪ್ಪಾಗುತ್ತದೆ. ಬೀಜ ತಾನು ಮುಚ್ಚಿದಷ್ಟು ಜಾಗವನ್ನಷ್ಟೇ ಕಾಯುತ್ತದೆ. ನಿಂಬೆರಸ ಕಲಸಿ, ಪ್ಲಾಸ್ಟಿಕ್ ಹಾಳೆಯನ್ನು ಬಟ್ಟಲಿನ ಬಾಯಿಗಲ್ಲ, ಗ್ವಾಕಮೋಲೆಯ ಮೇಲೆಯೇ ಗುಳ್ಳೆ ಉಳಿಯದಂತೆ ಒತ್ತಿ ಮುಚ್ಚಿ. ಆದರೂ ಮೇಲೆ ಕಂದಾದರೆ ಚಮಚದಲ್ಲಿ ಕೆರೆದು ತೆಗೆಯಿರಿ, ಕೆಳಗೆ ಹಸಿರಾಗಿಯೇ ಇರುತ್ತದೆ.