ಊರಿನ ಕೆಲಸಕ್ಕೆ ಎರಡೂ ಪಕ್ಷದವರನ್ನು ಒಂದು ಮಾಡೋದು ಹೇಗೆ?

ಕೆರೆ ಹೂಳೆತ್ತಬೇಕು, ಎರಡು ಪಕ್ಷದವರೂ ಮುಖ ಕೊಟ್ಟು ಮಾತಾಡಲ್ಲ, ಮೊದಲು ಅವರ ನಡುವೆ ನಂಬಿಕೆ ಬೆಳೆಸೋದು ಹೇಗೆ ಅಂತ ಕೇಳಿದ್ದೀರಿ. ಅಮೆರಿಕದಲ್ಲಿ ಎರಡೂ ಪಕ್ಷ ಸೇರಿ ಮಸೂದೆ ಪಾಸು ಮಾಡ್ತಾರೆ, ನಮ್ಮಲ್ಲಿ ಯಾಕಾಗಲ್ಲ ಅಂತಲೂ. ನಿಮ್ಮದು ಕೆರೆ, ನಮ್ಮದು ಸಂಕ, ಅಂದರೆ ಹಳ್ಳ ದಾಟೋ ಕಾಲುಸೇತುವೆ. ಅಷ್ಟೇ ವ್ಯತ್ಯಾಸ.

ನಮ್ಮೂರು ತೀರ್ಥಹಳ್ಳಿ ಕಡೆ. ಶಾಲೆಗೆ ಹೋಗೋ ದಾರಿಯಲ್ಲಿ ಒಂದು ಹಳ್ಳ, ಅದರ ಮೇಲೆ ಅಡಿಕೆ ಮರದ ಸಂಕ. ಮಳೆ ಜೋರಾದರೆ ಮಕ್ಕಳಿಗೆ ತಾನಾಗೇ ರಜೆ. ಸಿಮೆಂಟಿನ ಕಾಲುಸಂಕ ಮಾಡಿಸೋಣ ಅಂತ ಸಮಿತಿ ಮಾಡಿದೆವು. ಮೊದಲ ಸಭೆಯಲ್ಲೇ ನಾನು ಎದ್ದು ನಿಂತು "ಇದರಲ್ಲಿ ರಾಜಕೀಯ ಬೇಡ" ಅಂದೆ. ಎಲ್ಲರೂ ತಲೆಯಾಡಿಸಿದರು. ಮನವಿಗೆ ಎರಡೂ ಕಡೆಯವರು ಸಹಿ ಹಾಕಿದರು.

ಕೆಲಸ ಕೆಟ್ಟಿದ್ದು ಜೀಪಿನಲ್ಲಿ. ಶಾಸಕರು ಆ ಬೆಳಿಗ್ಗೆ ಮಾತ್ರ ಸಿಗ್ತಾರೆ ಅಂತ ಫೋನ್ ಬಂತು. ಅಡಿಕೆ ಗೊನೆ ಕೊಯ್ಯೋ ಹಂಗಾಮು. ಆ ಕಡೆಯ ಇಬ್ಬರ ತೋಟಕ್ಕೂ ಅವತ್ತೇ ಕೊನೆಗಾರ, ಅಂದರೆ ಮರ ಹತ್ತಿ ಗೊನೆ ಇಳಿಸೋನು, ಬಂದಿದ್ದ. ಈಗಿನ ಕಾಲದಲ್ಲಿ ಕೊನೆಗಾರನನ್ನು ವಾಪಸ್ ಕಳಿಸಿ ಬನ್ನಿ ಅಂತ ಯಾರಿಗೆ ಹೇಳೋದು? ಸರಿ, ನಾವೇ ಹೋಗಿ ಬರ್ತೀವಿ ಅಂದೆ. ಜೀಪು ಹತ್ತಿದವರೆಲ್ಲ ಒಂದೇ ಪಕ್ಷದವರು, ನನ್ನೊಬ್ಬನನ್ನು ಬಿಟ್ಟು. ಅದು ನನ್ನ ತಲೆಗೆ ಹೋಗಿದ್ದು ಸಂಜೆ, ಶಾಸಕರ ಜೊತೆ ತೆಗೆಸಿಕೊಂಡ ಫೋಟೋ ನೋಡಿದ ಮೇಲೆ. ನಾವು ಊರು ಮುಟ್ಟೋ ಮುಂಚೆ ಅದು ವಾಟ್ಸಾಪ್‌ನಲ್ಲಿ ಎಲ್ಲರ ಮನೆ ಮುಟ್ಟಿತ್ತು. ಯಾರೋ ಪುಣ್ಯಾತ್ಮ ಕೆಳಗೆ ಪಕ್ಷದ ಬಣ್ಣದ ಪಟ್ಟಿ ಬೇರೆ ಅಂಟಿಸಿದ್ದ. ಆ ಕಡೆಯವರ ಮಗನೊಬ್ಬ ಮನೆಯಲ್ಲೇ ಇದ್ದ, ಅವನನ್ನಾದರೂ ಹತ್ತಿಸಿಕೊಳ್ಳಬಹುದಿತ್ತು. ಇಲ್ಲ, ಫೋಟೋನೇ ಬೇಡ ಅನ್ನಬಹುದಿತ್ತು. ಸಹಿ ಇದೆಯಲ್ಲ, ಸಾಕು ಅಂದುಕೊಂಡೆ. ಸಹಿ ಯಾರ ಕಣ್ಣಿಗೆ ಬೀಳುತ್ತೆ?

ಸಂಕದ ಆಚೆ ತುದಿ ಬರಬೇಕಿದ್ದದ್ದು ಆ ಕಡೆಯ ಹಿರಿಯರೊಬ್ಬರ ಗದ್ದೆ ಅಂಚಿಗೆ. ಬಾಯಿಮಾತಲ್ಲಿ ಒಪ್ಪಿದ್ದರು. ಒಪ್ಪಿಗೆ ಪತ್ರಕ್ಕೆ ಹೋದಾಗ ಕವಳಕ್ಕೆ ಸುಣ್ಣ ಹಚ್ಚುತ್ತಾ, "ನಿಮ್ಮ ಪಕ್ಷದ ಸಂಕಕ್ಕೆ ನಮ್ಮ ಗದ್ದೆ ಯಾಕೆ ಮಾರಾಯಾ?" ಅಂದರು. ನಾನು ಆ ಪಕ್ಷದವನೇ ಅಲ್ಲ! ಹೇಳಿದರೆ ಯಾರು ಕೇಳ್ತಾರೆ? ಮಾರ್ಚ್ ಮುಗಿಯಿತು, ಅನುದಾನ ಬೇರೆ ಊರಿಗೆ ಹೋಯಿತು. ಅವರ ಮನೆಯಿಂದ ನಮ್ಮಲ್ಲಿಗೆ ಮುಯ್ಯಾಳು, ಅಂದರೆ ಕೂಲಿಯಿಲ್ಲದೆ ಕೆಲಸಕ್ಕೆ ಕೆಲಸ ಅಂತ ಬರೋ ಆಳು, ಬರೋದೂ ನಿಂತಿತು. ಆ ವರ್ಷ ನಾಟಿಗೆ ದುಡ್ಡು ಕೊಟ್ಟು ಆಳು ತಂದೆ.

"ರಾಜಕೀಯ ಬೇಡ" ಅನ್ನೋದು ಸುಮ್ನೆ ಬಾಯಿಮಾತು. ಗ್ರಾಮ ಪಂಚಾಯಿತಿ ಚುನಾವಣೆಯನ್ನೇ ನೋಡಿ. ಕಾನೂನಿನ ಪ್ರಕಾರ ಪಕ್ಷದ ಚಿಹ್ನೆ ಇಲ್ಲ. ಆದರೆ ಫಲಿತಾಂಶದ ಮಾರನೇ ದಿನ ಪೇಪರಿನಲ್ಲಿ ಕಾಂಗ್ರೆಸ್ ಬೆಂಬಲಿತರು ಇಷ್ಟು, ಬಿಜೆಪಿ ಬೆಂಬಲಿತರು ಇಷ್ಟು ಅಂತ ಲೆಕ್ಕ ಬಂದೇ ಬರುತ್ತೆ. ಯಾರು ಯಾವ ಕಡೆ ಅಂತ ಊರಿಗೇ ಗೊತ್ತಿರುವಾಗ ಗೊತ್ತಿಲ್ಲದ ಹಾಗೆ ಕೂತರೆ ಅನುಮಾನ ಜಾಸ್ತಿಯಾಗುತ್ತೆ, ಕಮ್ಮಿಯಾಗಲ್ಲ.

ಇನ್ನು ಅಮೆರಿಕದ ಮಾತು. ಅಲ್ಲೂ ನಂಬಿಕೆಯಿಂದ ಆದದ್ದಲ್ಲ. ಜನಾಂಗ ಭೇದ ನಿಷೇಧಿಸಿದ 1964ರ ನಾಗರಿಕ ಹಕ್ಕು ಕಾಯ್ದೆಗೆ ಅಡ್ಡ ಬಂದು, ಮತಕ್ಕೆ ಹಾಕೋಕೆ ಬಿಡದೆ ವಾರಗಟ್ಟಲೆ ಭಾಷಣ ಮಾಡುತ್ತಾ ಕೂತವರಲ್ಲಿ ಹೆಚ್ಚಿನವರು ಅಧ್ಯಕ್ಷ ಜಾನ್ಸನ್ ಅವರದೇ ಡೆಮಾಕ್ರಟಿಕ್ ಪಕ್ಷದ ದಕ್ಷಿಣದ ಸೆನೆಟರ್‌ಗಳು. ಆ ಭಾಷಣ ನಿಲ್ಲಿಸೋಕೆ ಬಿದ್ದ 71 ಮತಗಳಲ್ಲಿ 27 ಎದುರು ಪಕ್ಷದ್ದು. ಅಲ್ಲಿ ಪಕ್ಷ ಮೀರಿ ಮತ ಹಾಕಿದರೆ ಸ್ಥಾನ ಹೋಗಲ್ಲ. ನಮ್ಮಲ್ಲಿ 1985ರ ಪಕ್ಷಾಂತರ ನಿಷೇಧ ಕಾಯ್ದೆ ಬಂದ ಮೇಲೆ ವಿಪ್, ಅಂದರೆ ಹೀಗೇ ಮತ ಹಾಕಬೇಕು ಅನ್ನೋ ಪಕ್ಷದ ಆದೇಶ, ಮೀರಿದ ಶಾಸಕರ ಸ್ಥಾನಕ್ಕೇ ಕುತ್ತು. ಹಾಗಾಗಿ ವಿಧಾನಸಭೆ ನೋಡಿ ನಮ್ಮ ಜನಕ್ಕೆ ಒಗ್ಗಟ್ಟೇ ಬರಲ್ಲ ಅನ್ನಬೇಡಿ. ಗ್ರಾಮ ಪಂಚಾಯಿತಿಯಲ್ಲಿ ಲೆಕ್ಕಕ್ಕೆ ಪಕ್ಷವೇ ಇಲ್ಲ, ವಿಪ್ ಎಲ್ಲಿಂದ ಬರಬೇಕು? ಶಾಸಕರಿಗಿಲ್ಲದ ಸ್ವಾತಂತ್ರ್ಯ ನಿಮ್ಮ ವಾರ್ಡಿನ ಸದಸ್ಯರಿಗಿದೆ. ಅವರನ್ನು ಹಿಡಿಯಿರಿ.

ನಮ್ಮ ಸಂಕ ಎದ್ದದ್ದೂ ಯಾರೂ ಯಾರನ್ನೂ ನಂಬದೆಯೇ. ಎರಡನೇ ಸಲ ಸಮಿತಿಗೆ ಈ ಕಡೆಯ ಇಬ್ಬರು, ಆ ಕಡೆಯ ಇಬ್ಬರು ಅಂತ ಬಾಯಿಬಿಟ್ಟೇ ಹೇಳಿ ಹಾಕಿದೆವು. ಪಂಚಾಯಿತಿ ಸ್ವಲ್ಪ ಕೊಟ್ಟಿತು, ಉಳಿದದ್ದು ಊರವರ ವಂತಿಗೆ. ವಂತಿಗೆ ಖಾತೆಯಿಂದ ದುಡ್ಡು ತೆಗೆಯಲು ಎರಡೂ ಕಡೆಯವರ ಸಹಿ ಬೇಕು. ಸಿಮೆಂಟು ಬಂದರೆ ಇಬ್ಬರು ನಿಂತು ಎಣಿಸೋರು, ಎರಡು ನೋಟ್‌ಬುಕ್ಕಿನಲ್ಲಿ ಬರೆಯೋರು. ಒಂದು ಸಂಜೆ ಒಂದು ಚೀಲದ ವ್ಯತ್ಯಾಸ ಬಂತು. ಕತ್ತಲಾಗುವವರೆಗೆ ಕೂಗಾಟ. ಟಾರ್ಪಾಲು ಎತ್ತಿ, ಮೊಬೈಲ್ ಬೆಳಕಿನಲ್ಲಿ ಮತ್ತೆ ಎಣಿಸಿದರೆ ಅಡಿಯಲ್ಲಿ ಒಡೆದ ಚೀಲ ಒಂದು ಮಗುಚಿ ಬಿದ್ದಿತ್ತು. ಇಬ್ಬರೂ ತಮ್ಮ ತಮ್ಮ ಪುಸ್ತಕದಲ್ಲಿ "ಒಡೆದದ್ದು 1" ಅಂತ ಬರೆದುಕೊಂಡು ಮಾತಾಡದೆ ಮನೆಗೆ ಹೋದರು. ಕಂಟ್ರಾಕ್ಟರು ಮಾತ್ರ, ಇಷ್ಟು ಕಣ್ಣಿನ ಎದುರು ಕೆಲಸ ಮಾಡಿದ್ದೇ ಇಲ್ಲ ಅಂತ ಗೊಣಗುತ್ತಿದ್ದ. ಗದ್ದೆಯ ಹಿರಿಯರು ಈ ಸಲ ತಾವೇ ಕರೆದು ಒಪ್ಪಿಗೆ ಪತ್ರ ಕೊಟ್ಟರು. ಅವರ ಕಡೆಯವರ ಕೈಲೂ ಲೆಕ್ಕ ಇತ್ತಲ್ಲ.

ಉದ್ಘಾಟನೆಯ ಕಲ್ಲಿನ ಮೇಲೆ ಯಾರ ಹೆಸರು ಅನ್ನೋ ಜಗಳ ಇನ್ನೂ ಮುಗಿದಿಲ್ಲ. ಕಲ್ಲು ಹಾಕಿಲ್ಲ, ಮಕ್ಕಳು ದಾಟುತ್ತಿದ್ದಾರೆ.

ಅದಕ್ಕೇ ಹೇಳೋದು, ನಂಬಿಕೆ ಬೆಳೆಸೋ ಕೆಲಸ ಬಿಡಿ. ಅದಕ್ಕೆ ಕಾದರೆ ನಿಮ್ಮ ಕೆರೆಯಲ್ಲಿ ಇನ್ನೊಂದಡಿ ಹೂಳು ಏರುತ್ತೆ ಅಷ್ಟೇ. ಎತ್ತಿದ ಹೂಳು ಯಾರ ತೋಟಕ್ಕೆ ಎಷ್ಟು ಲೋಡು ಅನ್ನೋದನ್ನು ಜೆಸಿಬಿ ಬರೋ ಮುಂಚೆಯೇ ಬರೆದಿಡಿ, ಜಗಳ ಅಲ್ಲೇ ಶುರುವಾಗೋದು. ಲೋಡು ಎಣಿಸೋಕೆ ಎರಡೂ ಕಡೆಯಿಂದ ಒಬ್ಬೊಬ್ಬ ಜಗಳಗಂಟನನ್ನೇ ಆರಿಸಿ. ಸಾಧು ಮನುಷ್ಯರನ್ನಂತೂ ಕೂರಿಸಬೇಡಿ.